ಹೇಳಿದ್ದನ್ನು ಹೇಳಿದರೆ ಸೋತಂತಲ್ಲ

"ಅವರು ಹೇಳಿದ್ದನ್ನು ನಾನೇಕೆ ಹೇಳಬೇಕು ಮೇಡಂ? ಹೇಳಿದರೆ ಒಪ್ಪಿಕೊಂಡ ಹಾಗೆ ಆಗುವುದಿಲ್ಲವೇ?"

ನ್ಯಾಯಾಲಯದಿಂದ ಮಧ್ಯಸ್ಥಿಕೆಗೆ ಬರುವ ಕಕ್ಷಿದಾರರ ಬಾಯಲ್ಲಿ ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಗಂಡ ಹೆಂಡತಿ ಇರಲಿ, ವ್ಯಾಪಾರದ ಪಾಲುದಾರರಿರಲಿ, ಆಸ್ತಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿರಲಿ, ಎದುರಿನವರ ಮಾತು ಮುಗಿದ ಕೂಡಲೇ ನಾನು ಕೇಳುವುದು ಇಷ್ಟೇ: "ಅವರು ಏನು ಹೇಳಿದರು ಎಂಬುದನ್ನು ಅವರಿಗೆ ಸರಿ ಅನ್ನಿಸುವ ಹಾಗೆ ಒಮ್ಮೆ ಹೇಳಿ. ಉತ್ತರ ಆಮೇಲೆ ಕೊಡುವಿರಂತೆ." ಅಷ್ಟಕ್ಕೇ ಹುಬ್ಬು ಗಂಟಿಕ್ಕುತ್ತದೆ. ಕೆಲವರು ಪಕ್ಕದಲ್ಲಿರುವ ತಮ್ಮ ವಕೀಲರ ಮುಖ ನೋಡುತ್ತಾರೆ. ಇಂಥ ಬಲೆಗೆ ಬೀಳಬೇಡಿ ಎಂದು ವಕೀಲರು ಕಣ್ಣಲ್ಲೇ ಎಚ್ಚರಿಸುವುದೂ ಉಂಟು. ನಾನೂ ವಕೀಲಳೇ ಆದ್ದರಿಂದ ಆ ಕಣ್ಣಿನ ಭಾಷೆ ನನಗೆ ಚೆನ್ನಾಗಿ ಗೊತ್ತು.

ನಿಜಕ್ಕೂ ಈ ಭಯ ವಕೀಲರಿಗಂತೂ ಇರಬಾರದು. ಸಿವಿಲ್ ದಾವೆಯ ಯಾವುದೇ ತೀರ್ಪನ್ನು ತೆಗೆದು ನೋಡಿ. ನ್ಯಾಯಾಧೀಶರು ಮೊದಲು ವಾದಿಯ ಪ್ರಕರಣವನ್ನು ಬರೆಯುತ್ತಾರೆ, ಅದೂ ವಾದಿಯೇ ತಲೆದೂಗುವಷ್ಟು ವಿವರವಾಗಿ. ಆಮೇಲೆ ಪ್ರತಿವಾದಿಯದ್ದು. ವಿವಾದಾಂಶ, ಸಾಕ್ಷ್ಯ, ನಿರ್ಣಯಗಳೆಲ್ಲ ಅದಾದ ಮೇಲೆ. ವಾದಿ ಹೇಳಿದ್ದನ್ನು ಪುಟಗಟ್ಟಲೆ ಬರೆದ ನ್ಯಾಯಾಧೀಶರು ಕೊನೆಗೆ ದಾವೆಯನ್ನು ವೆಚ್ಚ ಸಹಿತ ವಜಾ ಮಾಡಬಹುದು. ಬರೆದರಲ್ಲ, ಹಾಗಾದರೆ ಒಪ್ಪಿದರು ಎಂದು ಯಾರಾದರೂ ಮೇಲ್ಮನವಿ ಹಾಕುತ್ತಾರೆಯೇ? ಎದುರಿನವರು ಏನು ಹೇಳಿದರು ಎಂಬುದು ಒಂದು ಸಂಗತಿ, ಅವರು ಹೇಳಿದ್ದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದು ತಿಳಿಯದೆ ಎರಡನೆಯದಕ್ಕೆ ಕೈಹಾಕುವಂತಿಲ್ಲ. ಇಷ್ಟು ಸರಳ ಮಾತನ್ನು ಎಂ.ಬಿ.ಎ. ಓದಿದವರಿಗೂ ನಾನು ಎರಡೆರಡು ಸಲ ಹೇಳಬೇಕಾಗುತ್ತದೆ. ಅಂದಹಾಗೆ, ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯ. ಅದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆದ್ದರಿಂದ ಕಾನೂನಿನ ಭಯಕ್ಕೂ ಇಲ್ಲಿ ಆಧಾರವಿಲ್ಲ.

ಆದರೂ ಜನ ಹಿಂಜರಿಯುತ್ತಾರೆ. ಏಕೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1952ರಷ್ಟು ಹಿಂದೆಯೇ ಗುರುತಿಸಿದ್ದರು. ಜಗಳ ಬಿಸಿಯೇರಿದಾಗ ಒಂದು ನಿಯಮ ಹಾಕಿಕೊಳ್ಳಿ ಎಂದು ಅವರು ಸೂಚಿಸಿದರು: ಮೊದಲು ಮಾತಾಡಿದವರ ವಿಚಾರವನ್ನೂ ಭಾವನೆಯನ್ನೂ ಅವರಿಗೆ ತೃಪ್ತಿಯಾಗುವಂತೆ ಹೇಳಿದ ಮೇಲೆಯೇ ನಮ್ಮ ಮಾತು. ಕೇಳಲು ಸುಲಭ, ಮಾಡಲು ಬಲು ಕಷ್ಟ ಎಂದು ಅವರೇ ಎಚ್ಚರಿಸಿದ್ದರು. ಇನ್ನೊಬ್ಬರನ್ನು ನಿಜವಾಗಿ ಅರ್ಥ ಮಾಡಿಕೊಳ್ಳಲು ಹೊರಟರೆ ನಾವೇ ಬದಲಾಗಿಬಿಡುವ ಅಪಾಯವಿದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ನನ್ನ ಮುಂದೆ ಕೂರುವವರು ಹೆದರುವುದು ಇದಕ್ಕೇ ಎಂಬುದು ನನ್ನ ಅನುಮಾನ. "ಒಪ್ಪಿಕೊಂಡ ಹಾಗೆ ಆಗುತ್ತದೆ" ಎನ್ನುವುದು ಬಾಯಿಗೆ ಸಿಗುವ ನೆಪ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಎರಡು ಮೂರು ಪ್ರಕರಣಗಳನ್ನು ಬೆರೆಸಿದ್ದೇನೆ. ತಂದೆ ತೀರಿಕೊಂಡ ಮೇಲೆ ಎರಡು ಮಳಿಗೆ, ಒಂದು ಹಳೆಯ ಮನೆಗಾಗಿ ವಿಭಾಗದ ದಾವೆ. ಅಣ್ಣ ಊರಿನಲ್ಲೇ ಉಳಿದವರು, ತಮ್ಮ ಬೆಂಗಳೂರಿನ ಕಂಪನಿಯಲ್ಲಿ ಹತ್ತಾರು ಜನರ ತಂಡ ನಡೆಸುವವನು. ಅಣ್ಣ ಮಾತಾಡುವಾಗ ತಮ್ಮ ಕಡತದಿಂದ ಒಂದೊಂದೇ ಕಾಗದ ತೆಗೆದು ಜೋಡಿಸುತ್ತಿದ್ದ. ಕೇಳುತ್ತಿರಲಿಲ್ಲ, ಉತ್ತರ ಸಿದ್ಧಪಡಿಸುತ್ತಿದ್ದ. ಅಣ್ಣ ಏನೆಂದರು ಎಂದು ಕೇಳಿದೆ.

"ಬಾಡಿಗೆಯ ಲೆಕ್ಕ ಕೊಡುವುದಿಲ್ಲ ಎನ್ನುತ್ತಿದ್ದಾರೆ."

"ಲೆಕ್ಕದ ಮಾತನ್ನು ನಾನು ಎತ್ತಿಯೇ ಇಲ್ಲವಲ್ಲೋ!" ಎಂದರು ಅಣ್ಣ. ನಿಜ, ಎತ್ತಿರಲಿಲ್ಲ.

ಎರಡನೆಯ ಸಲ: "ಅಪ್ಪನನ್ನು ನೋಡಿಕೊಂಡೆ, ಅದಕ್ಕೆ ಹೆಚ್ಚು ಪಾಲು ಬೇಕು ಎನ್ನುತ್ತಿದ್ದಾರೆ." ಅದೂ ಅಲ್ಲ ಎಂದು ಅಣ್ಣ ತಲೆಯಾಡಿಸಿದರು. ಇನ್ನೊಮ್ಮೆ ಹೇಳಿ ಎಂದು ಅಣ್ಣನನ್ನೇ ಕೇಳಿಕೊಂಡೆ. ಈ ಸಲ ತಮ್ಮ ಕಾಗದ ಬದಿಗಿಟ್ಟ. ಕೊನೆಗೆ ಹೇಳಿದ: "ನಾನು ಫೋನ್ ಮಾಡಿದಾಗಲೆಲ್ಲ ಮಳಿಗೆಯ ಬಾಡಿಗೆ ಬಂತೇ ಎಂದು ಕೇಳುತ್ತಿದ್ದೆನಂತೆ. ಅಪ್ಪ ರಾತ್ರಿ ನಿದ್ದೆ ಮಾಡಿದರೇ ಎಂದು ಒಂದು ದಿನವೂ ಕೇಳಲಿಲ್ಲವಂತೆ. ಅದು ಅಣ್ಣನಿಗೆ ನೋವಾಗಿದೆ."

"ಅತ್ತಿಗೆಗೂ" ಎಂದು ಅಣ್ಣ ತಿದ್ದಿದರು. ತಮ್ಮ ಅದನ್ನೂ ಸೇರಿಸಿ ಹೇಳಿದ.

ಇಷ್ಟಾದ ಮೇಲೆ ಇಬ್ಬರೂ ಅಪ್ಪಿಕೊಂಡು ಅತ್ತರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ತಮ್ಮ ತನ್ನ ಪಾಲಿನಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ, ಬಿಡಬೇಕೆಂದು ನಾನು ಹೇಳಲೂ ಇಲ್ಲ. ಆದರೆ ಮುಂದಿನ ಭೇಟಿಗೆ ಅಣ್ಣ ಬಾಡಿಗೆಯ ಲೆಕ್ಕದ ಪುಸ್ತಕವನ್ನು ಯಾರೂ ಕೇಳದೆ ತಂದರು. ಅಲ್ಲಿಂದ ಮುಂದೆ ಚರ್ಚೆಯೆಲ್ಲ ಚದರಡಿ, ಬೆಲೆ, ರಸ್ತೆ ಕಡೆಯ ಮಳಿಗೆ ಯಾರಿಗೆ ಎಂಬುದರ ಬಗ್ಗೆ. ಅಂಥ ಚರ್ಚೆಗೆ ಕೊನೆಯಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕಂಪನಿಗಳ ತರಬೇತಿಯಲ್ಲಿ ಈ ವಿದ್ಯೆಯನ್ನು ಅರ್ಧ ಕಲಿತು ಬಂದವರು ನನಗೆ ಇನ್ನೂ ತಲೆನೋವು. "ನೀವು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು, ಆದರೆ..." ಎನ್ನುತ್ತಾರೆ. ಏನು ಅರ್ಥವಾಯಿತು ಎಂದು ಮಾತ್ರ ಹೇಳುವುದಿಲ್ಲ. ಇದೇ ತರಬೇತಿಗಳಲ್ಲಿ ಸಂವಹನದ ಶೇ 93ರಷ್ಟು ಭಾಗ ಹಾವಭಾವ ಮತ್ತು ದನಿ, ಮಾತು ಬರೀ ಶೇ 7 ಎಂದೂ ಹೇಳಿಕೊಡುತ್ತಾರೆ. ಅದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಲೆಕ್ಕ. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಹೇಳುವವರ ಇಷ್ಟಾನಿಷ್ಟವನ್ನು ಊಹಿಸಲು ಹೇಳಿದ ಪ್ರಯೋಗಗಳವು. ಎಲ್ಲ ಸಂವಹನಕ್ಕೂ ಇದು ಅನ್ವಯಿಸದು ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಆದರೂ ನನ್ನ ಕಕ್ಷಿದಾರರು ಬೆನ್ನು ನೆಟ್ಟಗೆ ಮಾಡಿ, ಕಣ್ಣಲ್ಲಿ ಕಣ್ಣಿಟ್ಟು, ತಲೆದೂಗುತ್ತಾ ಕೂತು, ಎದುರಿನವರು ಹೇಳಿದ್ದರಲ್ಲಿ ಒಂದಕ್ಷರವನ್ನೂ ಕೇಳಿಸಿಕೊಳ್ಳದೆ ಎದ್ದು ಹೋಗುತ್ತಾರೆ.

ಮರಳಿ ಹೇಳುವುದನ್ನು ಶಿಷ್ಟಾಚಾರವೆಂದಲ್ಲ, ನಿಯಮವೆಂದೇ ಪಾಲಿಸುವವರು ವಿಮಾನ ನಡೆಸುವವರು. ನಿಯಂತ್ರಣ ಗೋಪುರದ ಅನುಮತಿಯನ್ನು ಪೈಲಟ್ ಮರಳಿ ಹೇಳಬೇಕು, ಗೋಪುರದವರು ಅದನ್ನು ಗಮನವಿಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು. ಸೂಚನೆ ಪಾಲಿಸಲಾಗದಿದ್ದರೆ ಆಗದು ಎನ್ನುವ ಹಕ್ಕು ಪೈಲಟ್‌ಗೆ ಇದ್ದೇ ಇದೆ. ಬರೀ ಗಿಣಿಪಾಠವಾದರೆ ಏನಾಗುತ್ತದೆ ಎಂಬುದಕ್ಕೆ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ 1977ರಲ್ಲಿ ನಡೆದ ವಿಮಾನ ದುರಂತವಿದೆ. ಸಹಪೈಲಟ್ ಅನುಮತಿಯನ್ನು ಮರಳಿ ಹೇಳಿದ್ದರು. ಕೊನೆಗೆ ಸೇರಿಸಿದ ಅಸ್ಪಷ್ಟ ಮಾತಿನಿಂದ ವಿಮಾನ ಆಗಲೇ ಓಡತೊಡಗಿದೆ ಎಂಬುದು ಗೋಪುರಕ್ಕೆ ತಿಳಿಯಲಿಲ್ಲ. ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕಾರಣಗಳು ಇನ್ನೂ ಹಲವಿದ್ದವು, ಇದು ಅವುಗಳಲ್ಲಿ ಒಂದು.

ಎಲ್ಲ ಮಾತಿಗೂ ಇದನ್ನು ಹಚ್ಚಬೇಡಿ. ಹುಳಿಗೆ ಉಪ್ಪು ಕಡಿಮೆ ಎಂದ ಗಂಡನಿಗೆ "ಅಂದರೆ ನಿಮಗೆ ಹುಳಿಯ ಬಗ್ಗೆ ಅಸಮಾಧಾನವಿದೆ" ಎಂದು ಮರಳಿ ಹೇಳಿದರೆ ಇಲ್ಲದ ಜಗಳ ಹುಟ್ಟುತ್ತದೆ. ಇನ್ನು, ಹೊಡೆತ, ಬೆದರಿಕೆ ಇರುವ ಮನೆಯಲ್ಲಿ ಇದು ಖಂಡಿತ ಸಲ್ಲದು. ಹೆದರಿ ಕೂತವಳ ಬಾಯಲ್ಲಿ ಹೆದರಿಸಿದವನ ಮಾತು ಆಡಿಸುವುದು ಕ್ರೌರ್ಯ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ.

ಎದುರಿನವರಿಗೆ ನಿಮ್ಮ ಮಾತು ಮುಟ್ಟಿತೇ ಎಂದು ತಿಳಿಯಬೇಕಾದರೆ "ಅರ್ಥವಾಯಿತೇ?" ಎಂದು ಮಾತ್ರ ಕೇಳಬೇಡಿ. ನಮ್ಮಲ್ಲಿ ಆ ಪ್ರಶ್ನೆಗೆ "ಹೂಂ" ಬಿಟ್ಟು ಬೇರೆ ಉತ್ತರವಿಲ್ಲ. ಕೈಕೆಳಗಿನವರನ್ನು "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ನಿಮಗೆ ತಿಳಿದದ್ದನ್ನು ಹೇಳಿ" ಎಂದು ಕೇಳಬಹುದು. ಅತ್ತೆ ಮಾವಂದಿರನ್ನೋ ಮೇಲಧಿಕಾರಿಯನ್ನೋ ಹಾಗೆ ಕೇಳಲು ಬಾರದು. ಅಲ್ಲಿ ಅವರ ಮಾತನ್ನು ಮೊದಲು ನೀವೇ ಮರಳಿ ಹೇಳಿ, ಅವರು ತಿದ್ದಲಿ. ಮುಖಾಮುಖಿ ಆಗದಿದ್ದರೆ ಫೋನಿನಲ್ಲಾದರೂ ಮಾಡಿ, ವಾಟ್ಸ್ಆ್ಯಪ್‌ನಲ್ಲಿ ಬೇಡ. ಅಲ್ಲಿ ಬರೆದದ್ದರ ಸ್ಕ್ರೀನ್‌ಶಾಟ್ ಮುಂದೆ ದಾವೆಯ ಜೊತೆ ಲಗತ್ತಾಗಿ ಬರುತ್ತದೆ, ಮತ್ತು ಅದಕ್ಕೆ ಮಧ್ಯಸ್ಥಿಕೆಯ ಗೋಪ್ಯತೆ ಅನ್ವಯಿಸುವುದಿಲ್ಲ.