ಡಿರೆಕ್ಟ್ವಾರ್: ಒಂದೇ ಭಯದಿಂದ ಹುಟ್ಟಿದ ಸರ್ಕಾರ ಮತ್ತು ಉಡುಪು

ಫ್ಯಾಷನ್ ಪುಸ್ತಕಗಳಲ್ಲಿ ಡಿರೆಕ್ಟ್ವಾರ್ ಶೈಲಿ ಅಂದರೆ ಎದೆಯ ಕೆಳಗೇ ಪಟ್ಟಿ ಕಟ್ಟಿ, ಅಲ್ಲಿಂದ ಪಾದದವರೆಗೆ ಇಳಿಬಿಟ್ಟ ತೆಳು ಬಿಳಿ ಗೌನು. ಇತಿಹಾಸದ ಪುಸ್ತಕಗಳಲ್ಲಿ ಅದೇ ಹೆಸರು 1795ರಿಂದ 1799ರವರೆಗೆ ಫ್ರಾನ್ಸನ್ನು ಆಳಿದ ಐವರ ಸರ್ಕಾರದ್ದು. ಗೌನಿನ ಬಗ್ಗೆ ಬರೆಯುವವರು ಸರ್ಕಾರವನ್ನು ಒಂದು ಸಾಲಲ್ಲಿ ಮುಗಿಸುತ್ತಾರೆ, ಸರ್ಕಾರದ ಬಗ್ಗೆ ಬರೆಯುವವರಿಗೆ ಗೌನು ಬರೀ ಶೋಕಿ. ಹಾಗೆ ಓದಿದರೆ ಎರಡೂ ಅರ್ಧ ಮಾತ್ರ ಅರ್ಥವಾಗುತ್ತವೆ. ಎರಡರ ಹಿಂದೆಯೂ ಇರುವುದು ಒಂದೇ ಭಯ.

ಫ್ರೆಂಚ್ ಕ್ರಾಂತಿಯ ಸರ್ಕಾರ ಅನುಮಾನ ಬಂದವರ ತಲೆ ಕಡಿಸುತ್ತಿದ್ದ 1793-94ರ ಪ್ಯಾರಿಸ್‌ನಲ್ಲಿ ಬಟ್ಟೆಯೂ ಜೀವಕ್ಕೆ ಕುತ್ತು ತರಬಹುದಿತ್ತು. ಜರಿ ಕಸೂತಿಯ ರೇಷ್ಮೆ ಕೋಟು ಕಂಡರೆ ಇವನು ರಾಜನ ಕಡೆಯವನೇ ಅಂತ ಅನುಮಾನ. ಯಾರೂ ಯಾರಿಗೂ ಇಂಥದ್ದೇ ಬಟ್ಟೆ ಹಾಕು ಎಂದು ಬಲವಂತ ಮಾಡುವಂತಿಲ್ಲ ಅಂತ 1793ರ ಅಕ್ಟೋಬರ್‌ನಲ್ಲಿ ಕಾನೂನೇ ಬಂತು. ಅಂಥ ಕಾನೂನು ಬೇಕಾಯಿತು ಅಂದರೆ ಬೀದಿಯಲ್ಲಿ ಏನು ನಡೆಯುತ್ತಿತ್ತು ಅಂತ ಊಹಿಸಬಹುದು. 1794ರ ಜುಲೈ 28ರಂದು ಆ ಸರ್ಕಾರದ ಮುಂದಾಳು ರೋಬೆಸ್ಪಿಯೇರ್ ಕೂಡ ತಲೆ ಕಡಿಯುವ ಯಂತ್ರ ಗಿಲೊಟಿನ್‌ಗೆ ತಲೆ ಕೊಟ್ಟ. ಆಮೇಲೆ ಜೈಲುಗಳ ಬಾಗಿಲು ತೆರೆಯತೊಡಗಿದವು.

ಇನ್ನೊಬ್ಬ ರೋಬೆಸ್ಪಿಯೇರ್ ಹುಟ್ಟಬಾರದು ಅನ್ನುವ ಒಂದೇ ಹಟದಿಂದ 1795ರ ಸಂವಿಧಾನ ಬರೆದರು. ಅಧಿಕಾರ ಒಬ್ಬನ ಕೈಯಲ್ಲಿ ಬೇಡ, ಐವರು ಡೈರೆಕ್ಟರ್‌ಗಳಿರಲಿ. ಎಲ್ಲರಿಗೂ ಕನಿಷ್ಠ 40 ವರ್ಷ ಆಗಿರಲಿ. ಪ್ರತಿ ವರ್ಷ ಒಬ್ಬ ಕೆಳಗಿಳಿಯಲಿ, ಮೊದಲ ವರ್ಷಗಳಲ್ಲಿ ಯಾರು ಅಂತ ಚೀಟಿ ಎತ್ತಿ ತೀರ್ಮಾನಿಸಲಿ. ಕಾನೂನನ್ನು ಐನೂರು ಜನರ ಸಭೆ ಮುಂದಿಡುತ್ತದೆ, 250 ಹಿರಿಯರ ಸಭೆ ಒಪ್ಪುತ್ತದೆ ಅಥವಾ ತಳ್ಳಿಹಾಕುತ್ತದೆ. ಡೈರೆಕ್ಟರ್‌ಗಳು ಸಭೆಯನ್ನು ವಿಸರ್ಜಿಸುವಂತಿಲ್ಲ. ಸಭೆಗೂ ಅವರನ್ನು ಸುಲಭವಾಗಿ ಇಳಿಸಲಾಗದು.

ಕಾಗದದ ಮೇಲೆ ಚೆನ್ನಾಗಿಯೇ ಇದೆ, ಅಲ್ವಾ? ಆದರೆ ಜಗಳ ಬಂದರೆ ಬಿಡಿಸುವ ದಾರಿಯನ್ನೇ ಇಟ್ಟಿರಲಿಲ್ಲ. 1797ರ ಚುನಾವಣೆಯಲ್ಲಿ ರಾಜನ ಪರ ಇದ್ದವರು ಜಾಸ್ತಿ ಗೆದ್ದರು. ಸೆಪ್ಟೆಂಬರ್‌ನಲ್ಲಿ ಮೂವರು ಡೈರೆಕ್ಟರ್‌ಗಳು ಸೈನ್ಯ ಕರೆಸಿ ಅವರನ್ನು ಹೊರಗಟ್ಟಿದರು. ಮರುವರ್ಷ ಎಡದವರು ಗೆದ್ದಾಗ ಆ ಫಲಿತಾಂಶಗಳನ್ನೂ ರದ್ದು ಮಾಡಿದರು. ಭ್ರಷ್ಟಾಚಾರವೇ ಈ ಸರ್ಕಾರವನ್ನು ಮುಳುಗಿಸಿತು ಅಂತ ಹಲವರು ಬರೆಯುತ್ತಾರೆ. ಭ್ರಷ್ಟಾಚಾರ ಇತ್ತು ನಿಜ, ಆದರೆ ನನಗೆ ಕಾಣುವಂತೆ ಅದನ್ನು ಕೊಂದದ್ದು ಸೈನ್ಯವನ್ನು ಕರೆಯುವ ಈ ಚಾಳಿ.

ಹಣದ ಕಥೆ ಚಿಕ್ಕದು. ಕಾಗದದ ನೋಟು ಅಸಿನ್ಯಾ ಬೆಲೆ ಕಳೆದುಕೊಂಡು, 1796ರ ಫೆಬ್ರವರಿಯಲ್ಲಿ ಅದನ್ನು ಅಚ್ಚು ಹಾಕುವ ಸಾಮಗ್ರಿಯನ್ನು ಪ್ಯಾರಿಸ್‌ನ ಪ್ಲಾಸ್ ವಾಂಡೋಮ್ ಚೌಕದಲ್ಲಿ ಜನರ ಮುಂದೆಯೇ ಸುಟ್ಟರು. ಕೂಲಿಯವರಿಗೆ ಬ್ರೆಡ್ಡೂ ದುಬಾರಿ. ಸೈನ್ಯಕ್ಕೆ ಸರಕು ಒದಗಿಸುವ ಗುತ್ತಿಗೆದಾರರು ಮಾತ್ರ ದಿಢೀರ್ ಸಾಹುಕಾರರಾದರು. ಹೊಸ ಫ್ಯಾಷನ್ ಮೆರೆದದ್ದು ಇಂಥವರು ಸೇರುತ್ತಿದ್ದ ಮನೆಗಳಲ್ಲಿ. ಈ ಕಹಿ ಸತ್ಯವನ್ನು ಬಿಟ್ಟು ಆ ಗೌನಿನ ಅಂದ ಹೊಗಳುವುದು ಸರಿಯಲ್ಲ.

ಆದರೂ ಅದನ್ನು ಉಟ್ಟವರು ಯಾರು ನೋಡಿ. ಆ ಕಾಲದ ಪ್ಯಾರಿಸ್‌ನಲ್ಲಿ ಫ್ಯಾಷನ್‌ಗೆ ಹೆಸರಾದ ತೆರೇಸಾ ತಾಲಿಯೆನ್ ಜೈಲಿನಲ್ಲಿದ್ದವಳು. ಮುಂದೆ ನೆಪೋಲಿಯನ್ನನ ಹೆಂಡತಿಯಾದ ಜೋಸೆಫೀನ್ ಕೂಡ ಜೈಲಲ್ಲಿದ್ದಳು, ಅವಳ ಮೊದಲ ಗಂಡನ ತಲೆ ರೋಬೆಸ್ಪಿಯೇರ್ ಸಾಯುವ ಐದು ದಿನ ಮೊದಲು ಉರುಳಿತ್ತು. ಸಾವಿನ ಬಾಯಿಂದ ಬಂದವರು ಬಿಗಿ ಕಾರ್ಸೆಟ್, ಬಿದಿರು ಬುಟ್ಟಿಯಂಥ ಲಂಗ ಎಲ್ಲ ಬಿಸಾಕಿ, ಗ್ರೀಕ್ ಶಿಲ್ಪದ ಹೆಂಗಸರಂತೆ ಹಗುರ ಬಟ್ಟೆ ಉಟ್ಟರು. ಹುಡುಗರು ಗಲ್ಲ ಮುಚ್ಚುವಷ್ಟು ದೊಡ್ಡ ಕ್ರವಾಟ್, ಅಂದರೆ ಕೊರಳ ಬಟ್ಟೆ, ಸುತ್ತಿಕೊಂಡು ತಿರುಗಿದರು. ಗಿಲೊಟಿನ್‌ನಲ್ಲಿ ಸತ್ತವರ ಬಂಧುಗಳು ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿ ಕುಣಿಯುತ್ತಿದ್ದರು ಅನ್ನುವ ಕಥೆ ಬಹಳ ಪ್ರಸಿದ್ಧ. ಅದಕ್ಕೆ ಆ ಕಾಲದ ಗಟ್ಟಿ ಸಾಕ್ಷಿ ಇಲ್ಲ. ಅದು ಆಮೇಲೆ ಬೆಳೆದ ಕಥೆ.

ಬಟ್ಟೆಯನ್ನೇ ಹತ್ತಿರದಿಂದ ನೋಡೋಣ. ಅದು ಮಸ್ಲಿನ್ ಅನ್ನುವ ತೆಳು ಹತ್ತಿ ಬಟ್ಟೆ, ಅದರಲ್ಲೂ ಢಾಕಾ ಕಡೆಯ ನೇಕಾರರದ್ದಕ್ಕೆ ಭಾರೀ ಹೆಸರು. ಹಿಂದೆ ಹೆಂಗಸರು ಲಂಗದ ಒಳಗೆ ಸೊಂಟಕ್ಕೆ ಜೇಬು ಕಟ್ಟಿಕೊಳ್ಳುತ್ತಿದ್ದರು. ಈ ತೆಳು ಬಟ್ಟೆಯಲ್ಲಿ ಅದು ಎದ್ದು ಕಾಣುತ್ತದೆ. ಹಾಗಾಗಿ ದಾರ ಎಳೆದು ಬಾಯಿ ಮುಚ್ಚುವ ಪುಟ್ಟ ಚೀಲ ಕೈಗೆ ಬಂತು. ಚಳಿಗೆ ಕಾಶ್ಮೀರದ ಶಾಲು. ಮಸ್ಲಿನ್ ಗೌನು ಆಗ ತಾನೇ ಹುಟ್ಟಿದ್ದೂ ಅಲ್ಲ. 1783ರಲ್ಲೇ ರಾಣಿ ಮೇರಿ ಆಂಟನೆಟ್ ಅಂಥದ್ದು ತೊಟ್ಟ ಚಿತ್ರ ಗಲಾಟೆ ಎಬ್ಬಿಸಿ, ಪ್ರದರ್ಶನದಿಂದ ಇಳಿಸಬೇಕಾಗಿತ್ತು.

ನಮ್ಮ ಕಡೆಗೂ ಈ ಸರ್ಕಾರದ ಒಂದು ಎಳೆ ಬರುತ್ತದೆ. 1798ರಲ್ಲಿ ನೆಪೋಲಿಯನ್ನನನ್ನು ಈಜಿಪ್ಟ್‌ಗೆ ಕಳಿಸಿದ್ದು ಇದೇ ಡೈರೆಕ್ಟರ್‌ಗಳು. 1799ರ ಜನವರಿಯಲ್ಲಿ ಅವನು ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದ, ಅದು ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಆರು ತಿಂಗಳಲ್ಲಿ ಡಿರೆಕ್ಟ್ವಾರೂ ಬಿತ್ತು. ನವೆಂಬರ್ 10ರಂದು ಪ್ಯಾರಿಸ್ ಹತ್ತಿರದ ಸೇಂಟ್ ಕ್ಲೂನಲ್ಲಿ ಸೈನಿಕರು ಬಯೊನೆಟ್ ಹಿಡಿದು ಐನೂರರ ಸಭೆಯನ್ನು ಹೊರಗೆ ದಬ್ಬಿದರು, ಅಧಿಕಾರ ನೆಪೋಲಿಯನ್ನನ ಕೈಗೆ ಹೋಯಿತು. ಗೌನು ಮಾತ್ರ ಮುಂದುವರಿಯಿತು. ಅವನು 1804ರಲ್ಲಿ ಚಕ್ರವರ್ತಿಯಾದ ಮೇಲೆ ಅದೇ ಎತ್ತರದ ಸೊಂಟಕ್ಕೆ ಎಂಪೈರ್ ಅನ್ನುವ ಹೆಸರು ಅಂಟಿತು. ಇವತ್ತು ಕುರ್ತಿ ಅಂಗಡಿಯಲ್ಲೂ ಎಂಪೈರ್ ಅಂತಲೇ ಕರೆಯುತ್ತಾರೆ. 1908ರ ಹೊತ್ತಿಗೆ ಪ್ಯಾರಿಸ್‌ನ ಉಡುಪು ವಿನ್ಯಾಸಕ ಪಾಲ್ ಪೊಯರೆ ಎತ್ತರದ ಸೊಂಟದ ಗೌನುಗಳನ್ನು ಮತ್ತೆ ಹೊಲಿದಾಗ, ಪತ್ರಿಕೆಗಳು ಅದಕ್ಕೆ ಡಿರೆಕ್ಟ್ವಾರ್ ಹೆಸರನ್ನೇ ವಾಪಸ್ ಕೊಟ್ಟವು.