ಎರಡು ಸ್ವರ, ಒಂದು ಗುಡುಗು

ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಗಿಟಾರಿಸ್ಟ್‌ಗಳು ಬಹುಪಾಲು ಎರಡೇ ಸ್ವರಗಳನ್ನು ಒಟ್ಟಿಗೆ ಮೀಟುತ್ತಾರೆ. ನಮ್ಮ ಲೆಕ್ಕದಲ್ಲಿ ಅವು ಷಡ್ಜ, ಪಂಚಮ. ಅವರು ಅದನ್ನು ಪವರ್ ಕಾರ್ಡ್ ಅನ್ನುತ್ತಾರೆ. ಇಷ್ಟು ಬಡ ಸಾಮಗ್ರಿಯಿಂದ ಎದೆ ನಡುಗಿಸುವ ಸದ್ದು ಹುಟ್ಟುವುದು ವಾದಕರ ತೋಳ್ಬಲದಿಂದಲ್ಲ. ಆಂಪ್ಲಿಫೈಯರ್ ತನ್ನ ಕೆಲಸದಲ್ಲಿ ಸೋಲುವುದರಿಂದ.

ಆಂಪ್ಲಿಫೈಯರ್‌ನ ವಾಲ್ವ್‌ಗಳಿಗೆ ಒಂದು ಮಿತಿಯಿದೆ. ಅದನ್ನು ಮೀರಿ ಸಿಗ್ನಲ್ ನುಗ್ಗಿಸಿದರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಕಂಪನಾಂಕದ 2, 3, 4, 5 ಪಟ್ಟಿನ ಕಂಪನಗಳು ಜೋರಾಗಿ ಸೇರಿಕೊಳ್ಳುತ್ತವೆ. ಇದೇ ಡಿಸ್ಟಾರ್ಷನ್. ಎಂಜಿನಿಯರುಗಳು ದೋಷವೆಂದದ್ದಕ್ಕೆ ವಾದಕರು ಮರುಳಾದರು. ಆ ಸದ್ದಿಗಾಗಿಯೇ 1958ರಲ್ಲಿ ಅಮೆರಿಕದ ಗಿಟಾರಿಸ್ಟ್ ಲಿಂಕ್ ರೇ ಸ್ಪೀಕರ್‌ಗೆ ತೂತು ಹೊಡೆದ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ಸ್ಪೀಕರಿನ ಕೋನ್ ಹಾಳೆಯನ್ನು ಬ್ಲೇಡಿನಿಂದ ಸೀಳಿದ. ಅಲ್ಲಿಯೇ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ದಿ ಹೂ ತಂಡದ ಪೀಟ್ ಟೌನ್ಸೆಂಡ್ ಇನ್ನೂ ಜೋರು ಬೇಕೆಂದು ಕೇಳಿದಾಗ 100 ವಾಟ್‌ನ ಆಂಪ್ಲಿಫೈಯರ್ ಕಟ್ಟಿಕೊಟ್ಟ.

ಇನ್ನು ಎರಡು ಸ್ವರಗಳ ಗುಟ್ಟು. ಡಿಸ್ಟಾರ್ಷನ್‌ಗೆ ಸಿಕ್ಕಿದ ಎರಡು ಕಂಪನಗಳು ತಮ್ಮ ಮೊತ್ತವನ್ನೂ ವ್ಯತ್ಯಾಸವನ್ನೂ ಹೊಸ ಕಂಪನಗಳಾಗಿ ಹುಟ್ಟಿಸುತ್ತವೆ. 110 ಹರ್ಟ್ಸ್‌ನ ಷಡ್ಜಕ್ಕೆ 165ರ ಪಂಚಮ ಸೇರಿದರೆ ವ್ಯತ್ಯಾಸ 55, ಅಂದರೆ ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ಮೀಟದ ಆ ಮಂದ್ರವನ್ನು ಯಂತ್ರವೇ ನುಡಿಯುತ್ತದೆ! ಪಂಚಮದ ಬದಲು ಗಾಂಧಾರ ಹಾಕಿ ನೋಡಿ. ಗಿಟಾರಿನ ಮೆಟ್ಟಿಲುಗಳಲ್ಲಿ ಅದು ಸುಮಾರು 138.6 ಹರ್ಟ್ಸ್, ವ್ಯತ್ಯಾಸ 28.6. ಎರಡು ಸ್ಥಾಯಿ ಕೆಳಗಿನ ಷಡ್ಜ 27.5 ಆದ್ದರಿಂದ ಇದು ಅಪಸ್ವರ. ಇಂಥವು ಹತ್ತಾರು ಸೇರಿ ಸದ್ದು ರಾಡಿಯಾಗುತ್ತದೆ. ಗಾಂಧಾರವನ್ನು ಕೈಬಿಟ್ಟದ್ದು ಸೋಮಾರಿತನವಲ್ಲ, ಕಿವಿಯ ವಿವೇಕ.

ಹಾರ್ಡ್ ರಾಕ್ ಎಲ್ಲಿ ಮುಗಿದು ಮೆಟಲ್ ಎಲ್ಲಿ ಶುರುವಾಯಿತು ಎಂಬ ಜಗಳಕ್ಕೆ ಕೊನೆಯಿಲ್ಲ. ಲೆಡ್ ಜೆಪೆಲಿನ್, ಡೀಪ್ ಪರ್ಪಲ್ ಅಭಿಮಾನಿಗಳು ಕೋಪಿಸಿಕೊಂಡರೂ ಸರಿ, ನನ್ನ ಮತ ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್‌ಗೆ. ಅದರ ಗಿಟಾರಿಸ್ಟ್ ಟೋನಿ ಅಯೋಮಿ ಹದಿನೇಳರ ಹುಡುಗನಾಗಿದ್ದಾಗ ಲೋಹದ ತಗಡಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಎಡಚನಾದ್ದರಿಂದ ತಂತಿ ಒತ್ತಬೇಕಾದ ಕೈಯೇ ಅದು. ಬೆಂಕಿಯಲ್ಲಿ ಎರಡು ಬೆರಳು ಊನವಾದರೂ ನುಡಿಸಿದ ಜಾಝ್ ಗಿಟಾರಿಸ್ಟ್ ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ಕೇಳಿ ಧೈರ್ಯ ತಂದುಕೊಂಡು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿದ. ಮೇಲೆ ಚರ್ಮ ಅಂಟಿಸಿದ. ಆದರೂ ಬಿಗಿ ತಂತಿ ಕಷ್ಟ. ತೆಳು ತಂತಿ ಹಾಕಿದ, 1971ರ ಮೂರನೇ ಆಲ್ಬಂನ ಹಲವು ಹಾಡುಗಳಲ್ಲಿ ಶ್ರುತಿಯನ್ನೇ ಮೂರು ಅರೆಸ್ವರ ಇಳಿಸಿದ. ತಂತಿಯ ಬಿಗಿತ ಕಂಪನಾಂಕದ ವರ್ಗಕ್ಕೆ ಅನುಗುಣವಾದ್ದರಿಂದ ಅಷ್ಟಕ್ಕೇ ಬಿಗಿತ ಶೇ. 29ರಷ್ಟು ಕುಸಿಯುತ್ತದೆ. ದಪ್ಪ ತಂತಿ 82.4 ಹರ್ಟ್ಸ್‌ನಿಂದ 69.3ಕ್ಕೆ ಇಳಿಯುತ್ತದೆ. ಬೆರಳಿಗೂ ಆರಾಮ, ಸದ್ದಿಗೂ ತೂಕ. ಮುಂದಿನ ತಲೆಮಾರುಗಳು ಇನ್ನೂ ಕೆಳಕ್ಕಿಳಿದು ಏಳು ತಂತಿಯ ಗಿಟಾರ್ ಹಿಡಿದವು.

1970ರ ಫೆಬ್ರವರಿಯಲ್ಲಿ ಬಂದ ಅವರ ಮೊದಲ ಆಲ್ಬಂ ಶುರುವಾಗುವುದೇ ಷಡ್ಜಕ್ಕೆ ಪ್ರತಿ ಮಧ್ಯಮವನ್ನು ಎದುರು ನಿಲ್ಲಿಸಿ. ಅದು ಸೈತಾನನ ಸ್ವರಾಂತರ, ಮಧ್ಯಯುಗದ ಚರ್ಚು ನಿಷೇಧಿಸಿತ್ತು ಎಂಬ ಕಥೆ ರೋಚಕ. ಆಧಾರ ಮಾತ್ರ ಇಲ್ಲ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳಲ್ಲಿ 36ಕ್ಕೆ ಪ್ರತಿ ಮಧ್ಯಮವೇ. ಅವುಗಳಲ್ಲೊಂದಾದ ಕಲ್ಯಾಣಿ ಕೇಳಿ ಬೆಚ್ಚಿಬಿದ್ದವರನ್ನು ನಾನಂತೂ ಕಂಡಿಲ್ಲ. ಭಯ ಬರುವುದು ನಿಧಾನಗತಿಯಿಂದ, ಡಿಸ್ಟಾರ್ಷನ್‌ನಿಂದ, ಹಾಡಿನ ಮೊದಲಲ್ಲಿ ಸೇರಿಸಿದ ಮಳೆ, ಗಂಟೆಯ ಸದ್ದಿನಿಂದ.

2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಮೆಟಲ್ ತಂಡ ಐರನ್ ಮೇಡನ್ ನುಡಿಸಿದಾಗ ಈ ಮಂದ್ರವನ್ನೆಲ್ಲ ಹೊರಡಿಸಲು ದೊಡ್ಡ ಸ್ಪೀಕರ್‌ಗಳಿದ್ದವು. ಫೋನಿನ ಪುಟ್ಟ ಸ್ಪೀಕರ್‌ಗೆ 69 ಹರ್ಟ್ಸ್ ನುಡಿಯುವ ಶಕ್ತಿಯೇ ಇಲ್ಲ. ಆದರೂ ಅದರಲ್ಲೂ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ನುಡಿ, ಮಂದ್ರವಾಗಿಯೇ ಕೇಳುತ್ತದೆ. 138, 207, 276 ಹೀಗೆ ಮೇಲಿನ ಕಂಪನಗಳು ಸಾಲಾಗಿ ಕಿವಿ ಸೇರಿದರೆ ಸಾಕು, ಇಲ್ಲದ ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಡಿಸ್ಟಾರ್ಷನ್‌ನಲ್ಲಿ ಆ ಮೇಲಿನ ಕಂಪನಗಳಿಗೆ ಬರವಿಲ್ಲ.