ಎರಡೂವರೆ ಇಂಚಿನ ಮರ

ಬೆಂಗಳೂರಲ್ಲಿ ಕೂತು ಅಮೆರಿಕದ ಪಾರ್ಕು, ಪಾರ್ಕಿಂಗ್ ಲಾಟುಗಳಿಗೆ ಕ್ಯಾಡ್‌ನಲ್ಲಿ ಡ್ರಾಯಿಂಗ್ ಮಾಡೋ ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದು ಎಡವಟ್ಟು ಮಾಡಿದ್ದೆ. ಶೀಟಿನ ಮೂಲೇಲಿರೋ ಗಿಡಗಳ ಪಟ್ಟಿಲಿ ರೆಡ್ ಮೇಪಲ್ ಎದುರಿಗೆ 2½" ಕ್ಯಾಲ್., ಬಿ ಅಂಡ್ ಬಿ ಅಂತಿತ್ತು. ಎರಡೂವರೆ ಇಂಚಿನ ಮರ ಎಲ್ಲಾದ್ರೂ ಇರುತ್ತಾ, ಯಾರೋ ಅಡಿ ಹಾಕೋ ಕಡೆ ಇಂಚು ಹಾಕಿದಾರೆ ಅಂದ್ಕೊಂಡು ಇಂಚಿನ ಎರಡು ಗೀಟು ಅಳಿಸಿ ಅಡಿಯ ಒಂದು ಗೀಟು ಮಾಡ್ಬಿಟ್ಟೆ. ಸೀನಿಯರ್ ಮೇಡಂ ನೋಡಿ, "ಎರಡೂವರೆ ಅಡಿ ದಪ್ಪದ ಮರ ಎತ್ತೋಕೆ ಕ್ರೇನ್ ನೀನೇ ಕಳಿಸ್ತೀಯೇನಪ್ಪಾ?" ಅಂದ್ರು.

ಕ್ಯಾಲ್. ಅಂದ್ರೆ ಕ್ಯಾಲಿಪರ್, ಕಾಂಡದ ಅಡ್ಡಳತೆ. ಸುತ್ತಳತೆ ಅಲ್ಲ ನೋಡಿ, ನಮ್ಮ ಕಡೆ ಅರಣ್ಯದವರು ಎದೆ ಎತ್ತರದಲ್ಲಿ ಟೇಪು ಸುತ್ತಿ ಬರೀತಾರಲ್ಲ, ಅದನ್ನ 3.14ರಿಂದ ಭಾಗಿಸಿದ್ರೆ ಅಡ್ಡಳತೆ ಸಿಗುತ್ತೆ. ಅಮೆರಿಕದ ನರ್ಸರಿ ವ್ಯಾಪಾರಕ್ಕೆ ಆನ್ಸಿ ಝಡ್60.1 ಅಂತ ಒಂದು ಸ್ಟ್ಯಾಂಡರ್ಡ್ ಇದೆ, ಅದರ ಪ್ರಕಾರ ನೆಲದಿಂದ 6 ಇಂಚು ಮೇಲೆ ಅಳೀಬೇಕು, ಅಲ್ಲಿ 4 ಇಂಚು ದಾಟಿತು ಅಂದ್ರೆ 12 ಇಂಚು ಮೇಲೆ. ದೊಡ್ಡ ಮರದ ಬುಡ ಬೇರಿನ ಹತ್ತಿರ ಆನೆ ಕಾಲಿನ ಥರ ಊದಿರುತ್ತಲ್ಲ, ಆ ಊತ ಲೆಕ್ಕಕ್ಕೆ ಸೇರಬಾರದು ಅಂತ. ಸೈಟಲ್ಲಿ ಮೊದಲೇ ನಿಂತಿರೋ ಮರಕ್ಕೆ ಮಾತ್ರ ಡಿಬಿಎಚ್, ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆದ ಅಡ್ಡಳತೆ.

ಉಳಿದದ್ದು ಸುಲಭ. ಎಚ್‌ಟಿ. ಎತ್ತರ, ಎಸ್‌ಪಿಆರ್. ಹರವು, ಬಿ.ಆರ್. ಅಂದ್ರೆ ಮಣ್ಣಿಲ್ಲದ ಬರಿ ಬೇರು, ಓ.ಸಿ. ಅಂದ್ರೆ ಒಂದು ಗಿಡದ ನಡುವಿಂದ ಇನ್ನೊಂದರ ನಡುವಿಗೆ ಇರೋ ಅಂತರ. #1, #5 ಅಂತ ಇದ್ರೆ ಕುಂಡದ ನಂಬರು. ಅದನ್ನ ಗ್ಯಾಲನ್ ಅಂತ ಓದ್ಬೇಡಿ, ಅಮೆರಿಕದ ಗ್ಯಾಲನ್ 3.785 ಲೀಟರ್, ಆದ್ರೆ ನರ್ಸರಿಯವರು ಬಾಯಲ್ಲಿ "ಒಂದು ಗ್ಯಾಲನ್" ಅನ್ನೋ ಕುಂಡ ಹಿಡಿಯೋದು ಹೆಚ್ಚುಕಮ್ಮಿ 3 ಲೀಟರು. ಈ ಗೋಲ್ಮಾಲ್ ಬೇಡ ಅಂತಲೇ ಸ್ಟ್ಯಾಂಡರ್ಡಲ್ಲಿ ಗ್ಯಾಲನ್ ಬಿಟ್ಟು ಬರೀ ನಂಬರ್ ಇಟ್ಟಿರೋದು.

ಬಿ ಅಂಡ್ ಬಿ ಮಾತ್ರ ನನಗೆ ತುಂಬಾ ಇಷ್ಟ. ಬಾಲ್ಡ್ ಅಂಡ್ ಬರ್ಲ್ಯಾಪ್ಡ್, ಅಂದ್ರೆ ಮರನ ಮಣ್ಣಿನ ಮುದ್ದೆ ಸಮೇತ ಅಗೆದು ಗೋಣಿತಾಟಲ್ಲಿ ಕಟ್ಟಿರೋದು. ಬರ್ಲ್ಯಾಪ್ ಅಂದ್ರೆ ಬೇರೇನಲ್ಲ, ಸೆಣಬಿನ ತಾಟು, ನಮ್ಮ ರಾಗಿ ಮೂಟೆ ಬಟ್ಟೆ. ಇಂಗ್ಲಿಷಿನ ಗನ್ನಿ ಕೂಡ ಗೋಣಿಯ ನೆಂಟನೇ! ಇಲ್ಲಿಂದ ಹೋದ ಪದ. ಸೆಣಬಾದ್ರೆ ಮಣ್ಣಲ್ಲಿ ಕೊಳೆತು ಹೋಗುತ್ತೆ, ಪ್ಲಾಸ್ಟಿಕ್ ತಾಟು ಕೊಳೆಯಲ್ಲ, ಅದನ್ನ ಬಿಚ್ಚದೆ ನೆಟ್ರೆ ಬೇರು ಅದರೊಳಗೇ ಸಿಕ್ಕಾಕೊಳ್ಳುತ್ತೆ.

ಈಗ ಅಸಲಿ ಪ್ರಶ್ನೆ. ಗಿಡ ಕೊಳ್ಳೋಕೆ ಹೋದ್ರೆ ನಾವೆಲ್ಲ "ಎಷ್ಟುದ್ದ ಇದೆ" ಅಂತ ತಾನೇ ಕೇಳೋದು, ಇವರು ಯಾಕೆ ದಪ್ಪ ಹಿಡ್ಕೊಂಡಿದಾರೆ? ಯಾಕಂದ್ರೆ ಎತ್ತರ ಸುಳ್ಳು ಹೇಳುತ್ತೆ. ಒತ್ತೊತ್ತಾಗಿ ನೆಟ್ಟ ಸಾಲಲ್ಲಿ ಗಿಡಗಳು ಬೆಳಕಿಗೆ ಪೈಪೋಟಿ ಮಾಡಿ ನರಪೇತಲನ ಹಾಗೆ ಮೇಲಕ್ಕೆ ಹೋಗ್ತವೆ, ಎಲೆ ಕಮ್ಮಿ. ದಪ್ಪ ಹಾಗಲ್ಲ, ಅದು ದುಡಿದು ಸಂಪಾದಿಸಿದ್ದು. ಕಾಂಡ ಅನ್ನೋದು ಒಂದು ಕಂಬ ಅಲ್ಲ, ಸಾವಿರಾರು ಸಣ್ಣ ಕೊಳವೆಗಳ ಕಂತೆ ಅಂದ್ಕೊಳಿ, ಜಡೆ ಥರ, ತೆಂಗಿನ ನಾರಿನ ಹಗ್ಗದ ಥರ, ಇಲ್ಲಾ ಅಪಾರ್ಟ್‌ಮೆಂಟಲ್ಲಿ ಪ್ರತಿ ಮನೆಗೂ ಸಂಪಿಂದ ಬೇರೆಬೇರೆ ಪೈಪ್ ಎಳೆದ ಥರ. ಒಂದಷ್ಟು ಎಲೆಗೆ ಇಂತಿಷ್ಟು ಪೈಪು, ಎಲೆ ಜಾಸ್ತಿ ಆದ್ರೆ ಕಂತೆ ದಪ್ಪ ಆಗಲೇಬೇಕು. 1964ರಲ್ಲಿ ಜಪಾನಿನ ಶಿನೊಝಾಕಿ ಮತ್ತವರ ಜೊತೆಗಾರರು ಇದನ್ನ ಪೈಪ್ ಮಾಡೆಲ್ ಅಂತ ಲೆಕ್ಕ ಹಾಕಿ ಬರೆದ್ರು. ಅದಕ್ಕಿಂತ ನಾನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದೆ ಲಿಯೊನಾರ್ಡೊ ಡಾ ವಿಂಚಿ, ಕೊಂಬೆಗಳನ್ನೆಲ್ಲ ಒಟ್ಟಿಗೆ ಸೇರಿಸಿದ್ರೆ ಕಾಂಡದಷ್ಟೇ ದಪ್ಪ ಆಗುತ್ತೆ ಅಂತ ತನ್ನ ನೋಟ್‌ಬುಕ್ಕಲ್ಲಿ ಗೀಚಿಟ್ಟಿದ್ದ.

ಹಾಗಾಗಿ ದಪ್ಪ ಗೊತ್ತಾದ್ರೆ ಎಲೆ ಎಷ್ಟಿರಬೇಕು, ಅದಕ್ಕೆ ನೀರು ಕೊಡೋ ಬೇರು ಎಷ್ಟು ಬೇಕು, ಎಲ್ಲಾ ಅಂದಾಜಿಗೆ ಸಿಗುತ್ತೆ. ಸ್ಟ್ಯಾಂಡರ್ಡಲ್ಲಿ ನೆರಳಿನ ಮರಕ್ಕೆ 2 ಇಂಚು ದಪ್ಪ ಇದ್ರೆ ಬೇರಿನ ಮುದ್ದೆ ಕನಿಷ್ಠ 24 ಇಂಚು ಅಗಲ, 3 ಇಂಚಿಗೆ 32. ಅಷ್ಟಾದ್ರೂ ಅಗೆಯೋವಾಗ ಬಹುಪಾಲು ಬೇರು ಹೊಲದಲ್ಲೇ ಉಳಿಯುತ್ತೆ, ಅದಕ್ಕೇ ಉತ್ತರದ ಚಳಿ ಪ್ರದೇಶದಲ್ಲಿ ಇಂಚಿಗೊಂದು ವರ್ಷ ಅನ್ನೋ ಲೆಕ್ಕ, 4 ಇಂಚಿನ ಮರ ಚೇತರಿಸಿಕೊಳ್ಳೋಕೆ ನಾಲ್ಕು ವರ್ಷ. ದೊಡ್ಡ ಮರ ತಂದ್ರೆ ಬೇಗ ನೆರಳು ಅನ್ನೋರಿಗೆ ಇದನ್ನ ಹೇಳಿ ಹೇಳಿ ಸಾಕಾಗಿದೆ.

ಫ್ಲಾರಿಡಾದ ಶೀಟಲ್ಲಿ ಪಾಮ್ ಮರದ ಮುಂದೆ ಮಾತ್ರ ಕ್ಯಾಲ್. ಬದಲು 10' ಸಿ.ಟಿ. ಅಂತಿರುತ್ತೆ, ಕ್ಲಿಯರ್ ಟ್ರಂಕ್, ಗರಿ ಬಿಟ್ಟು ಬರೀ ಕಾಂಡದ ಎತ್ತರ. ನಮ್ಮ ಅಡಿಕೆ ಮರನೇ ನೆನೆಸ್ಕೊಳಿ, ವರ್ಷ ವರ್ಷ ಸುತ್ತು ಬೆಳೆದು ದಪ್ಪ ಆಗೋ ಪದರ ಅದಕ್ಕಿಲ್ಲ, ಇಪ್ಪತ್ತು ವರ್ಷದ್ದೂ ಐವತ್ತು ವರ್ಷದ್ದೂ ಹೆಚ್ಚುಕಮ್ಮಿ ಒಂದೇ ದಪ್ಪ. ಅಲ್ಲಿ ದಪ್ಪ ಅಳೆದು ಏನು ಪ್ರಯೋಜನ?

ನನಗೆ ಕಿರಿಕಿರಿ ಆಗೋದು ಇನ್ನೊಂದು ಕಡೆ. ಅಮೆರಿಕದ ಎಷ್ಟೋ ಊರಲ್ಲಿ ಮರ ಕಡಿದ್ರೆ ಇಂಚಿಗೆ ಇಂಚು ವಾಪಸ್ ನೆಡಬೇಕು ಅನ್ನೋ ನಿಯಮ ಇದೆ. 12 ಇಂಚಿನ ಓಕ್ ಹೋಯ್ತು, ಬದಲಿಗೆ 2 ಇಂಚಿನ ಆರು ಸಸಿ, ಕೂಡಿದ್ರೆ 12. ಆದ್ರೆ ಪೈಪುಗಳ ಸಂಖ್ಯೆ ಅಡ್ಡಳತೆಗಲ್ಲ, ಅದರ ವರ್ಗಕ್ಕೆ ತಕ್ಕ ಹಾಗೆ ಏರೋದು. 12ರ ವರ್ಗ 144, ಆರು ಸಸಿದು ಸೇರಿ ಆರು ನಾಲ್ಕಲ 24. ಆರರಲ್ಲಿ ಒಂದು ಪಾಲು! ದೊಡ್ಡ ಮರದ ನಡುವಿನ ಚೇಗು ನೀರು ಸಾಗಿಸಲ್ಲ, ಹಾಗಾಗಿ ನಿಜವಾದ ಅಂತರ ಆರು ಪಟ್ಟಿಗಿಂತ ಕಮ್ಮಿ ಇರಬಹುದು, ಒಪ್ಪಿದೆ. ಆದ್ರೂ.

ಹೋದ ತಿಂಗಳು ಇಂಥದ್ದೇ ಒಂದು ಶೀಟ್ ಬಂತು. 12" ಡಿಬಿಎಚ್ ಅಂತ ಬರೆದಿದ್ದ ಓಕ್ ಮೇಲೆ ಅಡ್ಡಗೆರೆ ಎಳೆದು, ಪಾರ್ಕಿಂಗ್ ಅಂಚಲ್ಲಿ ಆರು ಸಣ್ಣ ಸೊನ್ನೆ ಇಟ್ಟೆ. ಕೊನೇ ಕಾಲಮ್ಮಲ್ಲಿ ಟೋಟಲ್ ಸರಿಯಾಗಿ ಬಂತು.